ಮಸೆಯುವ ಹೊತ್ತಿಗೂ ಕೂಲಿ ಕೊಡಬೇಕು

ಬನ್ನಿ, ಬೇಲಿ ಹತ್ತಿರಕ್ಕೇ ಬನ್ನಿ. ಆ ಕತ್ತಿ ಇತ್ತ ಕೊಡಿ, ನೋಡೋಣ. ನೆರಳು ಮರದ ಕೊಂಬೆ ಸವರುವ ಮರಗಸಿಗೆ ಜನ ಬಂದಿದ್ದಾರೆ ಅಂತೀರಿ, ಇದರ ಬಾಯಿ ನೋಡಿದರೆ ಬೆಳಕು ಬಿದ್ದ ಕಡೆಯೆಲ್ಲ ಮಿಣಮಿಣ ಹೊಳೀತಿದೆ. ಹರಿತ ಇದ್ದ ಬಾಯಿ ಹೊಳೆಯೋದಿಲ್ಲ, ಬೆಳಕು ಕೂರೋದಕ್ಕೆ ಅಲ್ಲಿ ಜಾಗವೇ ಇರೋದಿಲ್ಲ. ಇದನ್ನು ಹಿಡಿದುಕೊಂಡು ನಿಮ್ಮ ತೋಟದ ಕೆಲಸದ ಹುಡುಗ ಹಳ್ಳದ ಬದಿಯ ಲಂಟಾನ ಸವರೋದಕ್ಕೆ ಹೋಗಿದ್ದನೇ? ಮೊನ್ನೆ ಆನೆ ಲದ್ದಿ ಬಿದ್ದಿದ್ದು ಅದೇ ಹಳ್ಳದಲ್ಲಿ ಅಲ್ಲವೇ?

ಕಾಡಂಚಿನಲ್ಲಿ ದುಡಿಯುವವನ ಕೈಗೆ ಮೊಂಡುಗತ್ತಿ ಕೊಟ್ಟರೆ ಅವನನ್ನು ನಾವೇ ಅಪಾಯಕ್ಕೆ ನೂಕಿದ ಹಾಗೆ. ಕತ್ತಿ ಹಿಡಿದು ಆನೆಯನ್ನು ಎದುರಿಸಬೇಕು ಅಂತ ನಾನು ಹೇಳುತ್ತಿಲ್ಲ. 2023ರ ಡಿಸೆಂಬರ್ 4ರಂದು ನಮ್ಮ ಸಕಲೇಶಪುರದ ಯಸಳೂರಿನಲ್ಲಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ, ಅಂಥ ದೈತ್ಯ, ಪಳಗಿದ ಆನೆ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿಸಲಗದ ತಿವಿತಕ್ಕೆ ಸತ್ತಿತು. ಅಲ್ಲಿ ಕತ್ತಿ ಯಾವ ಲೆಕ್ಕ?

ಮಾತು ಅದಲ್ಲ. ಮೊಂಡುಗತ್ತಿ ಹಿಡಿದವನ ಗಮನವನ್ನೆಲ್ಲ ಆ ಕತ್ತಿಯೇ ನುಂಗಿಬಿಡುತ್ತೆ. ಒಂದೇಟಿಗೆ ಬೀಳಬೇಕಾದ ಕೊಂಬೆಗೆ ಐದಾರು ಏಟು ಹಾಕಬೇಕು. ತಲೆ ತಗ್ಗಿರುತ್ತೆ, ಭುಜ ಸೋತಿರುತ್ತೆ, ತನ್ನ ಏಟಿನ ಸದ್ದಿನಲ್ಲಿ ಆಚೆ ಆನೆ ಬೈನೆ ಮರವನ್ನು ಲಟಕ್ಕೆಂದು ಮುರಿದದ್ದು ಅವನಿಗೆ ಕೇಳಿಸೋದಿಲ್ಲ. ಹರಿತ ಕತ್ತಿಯವನು ಒಂದು ಸಲ ಬೀಸುತ್ತಾನೆ, ತಲೆ ಎತ್ತುತ್ತಾನೆ, ಸುತ್ತ ನೋಡುತ್ತಾನೆ. ಅವನ ಕಣ್ಣು ಕಿವಿ ಎರಡೂ ಕಾಡಿನ ಕಡೆಗೇ ಇರುತ್ತವೆ. ಕಾಡಿನಲ್ಲಿ ಮನುಷ್ಯನನ್ನು ಉಳಿಸೋದು ಅವೆರಡೇ.

ಹಳೇ ಶಿಕಾರಿಯವರೂ ಕತ್ತಿಯನ್ನು ನಂಬಿಕೊಂಡು ಮೃಗದ ಮುಂದೆ ನಿಂತವರಲ್ಲ. ಅವರಿಗೆ ಕತ್ತಿಯ ಕೆಲಸ ಶುರುವಾಗುತ್ತಿದ್ದದ್ದು ಕೋವಿಯ ಕೆಲಸ ಮುಗಿದ ಮೇಲೆ. ಕಾಟಿಯ, ಅಂದರೆ ಕಾಡುಕೋಣದ ಚರ್ಮ ಸುಲಿಯೋದು ಸುಮ್ಮನೆ ಅಲ್ಲ. ಅದರ ಮೈಕೂದಲಿನಲ್ಲಿ ಕೆಸರು, ಮರಳು ಎಲ್ಲ ಕೂತಿರುತ್ತೆ. ಮೇಲಿನಿಂದ ಕೊಯ್ದರೆ ನಾಲ್ಕು ಗೇಣು ಹೋಗುವಷ್ಟರಲ್ಲಿ ಎಂಥ ಕತ್ತಿಯೂ ಮೊಂಡು. ಅದಕ್ಕೆ ಬಲ್ಲವರು ಒಂದು ಸಣ್ಣ ತೂತು ಮಾಡಿ, ಬಾಯಿ ಮೇಲೆ ಮಾಡಿ ಕತ್ತಿಯನ್ನು ಒಳಗೆ ತೂರಿಸಿ, ಒಳಗಿನಿಂದ ಹೊರಕ್ಕೆ ಸೀಳುತ್ತಿದ್ದರು. ಕೂದಲು ಅದರಷ್ಟಕ್ಕೆ ಎರಡು ಪಾಲಾಗುತ್ತಿತ್ತು, ಅಂಚು ಉಳಿಯುತ್ತಿತ್ತು. ಕೋವಿಯಷ್ಟೇ ಜೋಪಾನವಾಗಿ ಅವರು ಸಾಣೆಕಲ್ಲನ್ನೂ ಕಾಡಿಗೆ ಒಯ್ಯುತ್ತಿದ್ದರು.

1972ರ ವನ್ಯಜೀವಿ ಕಾಯ್ದೆ ಬಂತು, ಆ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಕೊಡಗಿನಲ್ಲಿ ಹುಲಿ ಹೊಡೆದವನನ್ನು ಕೂರಿಸಿ ‘ನರಿ ಮಂಗಲ’ ಅಂತ ಸನ್ಮಾನ ಮಾಡುತ್ತಿದ್ದ ದಿನಗಳು ಹೋದವು. ಆದರೆ ಆಯುಧದ ಮೇಲಿನ ಆ ಗೌರವ ಹೋಗಿಲ್ಲ ನೋಡಿ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬಕ್ಕೆ ಈಗಲೂ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಹೊರಗೆ ಬರುತ್ತವೆ. ತಿಕ್ಕಿ ತೊಳೆದು, ತೋಕ್ ಪೂವು ಅನ್ನುವ ಹೂ ಮುಡಿಸಿ ಪೂಜೆ ಮಾಡುತ್ತಾರೆ. ನಾಟಿ ಕೆಲಸ ಮುಗಿಸಿ ಮಾಡುವ ಹಬ್ಬ ಅದು. ನಮ್ಮ ಕಡೆಯ ಆಯುಧಪೂಜೆಯೂ ಹಾಗೇ. ಆದರೆ ವರ್ಷಕ್ಕೊಮ್ಮೆ ಕುಂಕುಮ ಕಂಡ ಕತ್ತಿ ದಿನಾ ಕಲ್ಲನ್ನೂ ಕಾಣಬೇಕು.

ಬೇಟೆ ನಿಂತಿತು, ಆದರೆ ಮೃಗ ಎದುರಾಗೋದು ನಿಲ್ಲಲಿಲ್ಲವಲ್ಲ. 2023ರ ಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ 6,395 ಆನೆ ಇದ್ದವು ಅಂತ ಅಂದಾಜು, ದೇಶದಲ್ಲೇ ಹೆಚ್ಚು. ನಮ್ಮ ತೋಟಗಳಲ್ಲಿ ಅವಕ್ಕೆ ಕೆರೆಯಿದೆ, ನೆರಳಿದೆ, ಹಲಸಿನ ಹಣ್ಣಿದೆ. ಬಾರದೆ ಏನು ಮಾಡ್ಯಾವು? ಆನೆ ಕಿವಿ ಅಗಲಿಸಿ ತಲೆ ಎತ್ತಿ ನಿಂತರೆ ಸಾಮಾನ್ಯವಾಗಿ ಅದು ಎಚ್ಚರಿಕೆ, ದೂರ ಸರಿ ಅಂತ. ಕಿವಿ ಹಿಂದಕ್ಕೆ ಒತ್ತಿ ಸೊಂಡಿಲು ಸುತ್ತಿಕೊಂಡರೆ ಅದು ಮೇಲೆ ಬರೋದೇ ಹೆಚ್ಚು. ಈ ವ್ಯತ್ಯಾಸ ಕಾಣೋದಕ್ಕಾದರೂ ಮನುಷ್ಯ ತಲೆ ಎತ್ತಿರಬೇಕಲ್ಲ.

ಕಾಟಿ ಕಂಡರೆ ಅದಕ್ಕೆ ಹೋಗುವ ದಾರಿ ಬಿಡಬೇಕು. ಸಾವಿರ ಕಿಲೋ ತೂಗುವ ಹೋರಿಯೂ ದಾರಿ ಸಿಕ್ಕರೆ ಬುಸುಗುಟ್ಟಿ ಹೋಗಿಬಿಡುತ್ತೆ. ಕರಡಿ ಹಾಗಲ್ಲ. ಅದರ ಮೂಗು ಚುರುಕು, ಕಣ್ಣು ಕಿವಿ ಮಂದ. ಗೆದ್ದಲ ಹುತ್ತದಲ್ಲಿ ಮೂತಿ ತೂರಿಸಿಕೊಂಡಿರುವಾಗ ನೀವು ಹತ್ತಿರ ಹೋಗುವ ತನಕ ಅದಕ್ಕೆ ತಿಳಿಯೋದೇ ಇಲ್ಲ. ತಿಳಿದ ಕೂಡಲೇ ಬೆಚ್ಚಿ ಮೇಲೆ ಬೀಳುತ್ತೆ, ಮುಖಕ್ಕೇ ಕೈ ಹಾಕುತ್ತೆ. ಬೇಟೆಗಾರ ಕೆನೆತ್ ಆಂಡರ್ಸನ್ ಬರೆದ ಅರಸೀಕೆರೆ ಕಡೆಯ ಕರಡಿ ಕನಿಷ್ಠ 12 ಜನರನ್ನು ಕೊಂದಿತ್ತು. ಅದಕ್ಕೇ ಕರಡಿ ಇರುವ ಕಡೆ ಕೆಮ್ಮುತ್ತ, ಮಾತಾಡುತ್ತ ಹೋಗಬೇಕು. ಕತ್ತಿಗೆ ಬಲ ಹಾಕಿ ಏದುಸಿರು ಬಿಡುವವನಿಗೆ ಮಾತಾಡೋದಕ್ಕೆ ಉಸಿರೆಲ್ಲಿಂದ ಬರಬೇಕು?

ಸರಿ, ಈಗ ಕಲ್ಲಿಗೆ ಬರೋಣ. ನಿಮ್ಮ ಕತ್ತಿ ಒಳ್ಳೆಯದೇ, ಲಾರಿಯ ಕಮಾನು ಪಟ್ಟಿಯಿಂದ ಮಾಡಿದ್ದು. ಆ ಉಕ್ಕು ಬಗ್ಗಿದರೂ ಮುರಿಯೋದಿಲ್ಲ, ಅಂಚನ್ನೂ ಚೆನ್ನಾಗಿ ಹಿಡಿಯುತ್ತೆ. ಆದರೆ ಪೇಟೆಯಲ್ಲಿ ಕರೆಂಟಿನ ಚಕ್ರಕ್ಕೆ ಹಿಡಿಸಿದ್ದೀರಿ. ಇಗೋ, ಬಾಯಿಯಲ್ಲಿ ನೀಲಿ ಬಣ್ಣ ಕಾಣುತ್ತಿದೆಯಲ್ಲ? ಕಿಡಿ ಹಾರುವಾಗ ಅಂಚು 300 ಡಿಗ್ರಿ ಹತ್ತಿರ ಕಾದಿದೆ ಅಂತ ಅದರ ಅರ್ಥ. ಕುಲುಮೆಯಲ್ಲಿ ಆಚಾರಿ ನೀರು ಕುಡಿಸಿ ಕೊಟ್ಟ ಗಟ್ಟಿತನ ಅಲ್ಲಿ ಇಳಿದುಹೋಗಿದೆ. ಆ ಭಾಗ ಸವೆದು ಹೋಗುವ ತನಕ ಎಷ್ಟು ಮಸೆದರೂ ಅಂಚು ನಿಲ್ಲೋದಿಲ್ಲ.

ಕೈಯಲ್ಲೇ ಮಸೆಯಿರಿ. ಎರಡು ಮೈಯ ಕಾರ್ಬೊರಂಡಮ್ ಕಲ್ಲು ಸಾಕು. ಹತ್ತು ನಿಮಿಷ ನೀರಲ್ಲಿ ನೆನೆಹಾಕಿ. ಓರೆ ಎಷ್ಟು ಅಂತ ಗೊತ್ತಾಗದಿದ್ದರೆ ಒಂದು ಕಾಗದದ ಮೂಲೆ ತೆಗೆದುಕೊಳ್ಳಿ, ಅದು 90 ಡಿಗ್ರಿ. ಒಮ್ಮೆ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಕೊಂಬೆ ಕಡಿಯುವ ಕತ್ತಿಗೆ ಅದೇ ಓರೆ ಸರಿ. ಇನ್ನೂ ತೆಳ್ಳಗೆ ಮಾಡಿದರೆ ಗಂಟು ತಗುಲಿದ ಕೂಡಲೇ ಚಕ್ಕೆ ಏಳುತ್ತೆ. ಒರಟು ಮೈ ಮೇಲೆ ಒಂದೇ ಬದಿಯನ್ನು ಉಜ್ಜುತ್ತ ಹೋಗಿ. ಆಚೆ ಬದಿಗೆ ಹೆಬ್ಬೆರಳನ್ನು ಅಂಚಿನುದ್ದಕ್ಕಲ್ಲ, ಅಡ್ಡಕ್ಕೆ ಹೊರಮುಖವಾಗಿ ಸವರಿದರೆ ಉಗುರಂಚಿನಂಥದ್ದೇನೋ ತಡೆಯುತ್ತೆ. ಉಕ್ಕು ಮಡಚಿ ಆಚೆ ಬಂದಿದೆ ಅಂತ ಲೆಕ್ಕ. ಬುಡದಿಂದ ತುದಿಯ ತನಕ ಅದು ತಡೆದರೆ ಮಾತ್ರ ಬದಿ ಬದಲಿಸಿ. ಹೆಚ್ಚಿನವರು ಅದು ಬರುವ ಮೊದಲೇ ನಿಲ್ಲಿಸುತ್ತಾರೆ, ಆಮೇಲೆ ಕಲ್ಲೇ ಸರಿಯಿಲ್ಲ ಅಂತಾರೆ. ಕೊನೆಗೆ ನುಣುಪು ಮೈ ಮೇಲೆ ಹಗುರಾಗಿ ಅತ್ತಿತ್ತ ತಿಕ್ಕಿ, ಹಳೇ ಬೆಲ್ಟಿನ ಒಳಮೈಗೆ ಹಿಮ್ಮುಖವಾಗಿ ನಾಲ್ಕು ಸಲ ಎಳೆದರೆ ಮುಗಿಯಿತು. ಹಲಗೆ ಮೇಲೆ ಬೆಣಚುಕಲ್ಲಿನ ಪುಡಿ ಹಾಕಿ ಮಸೆಯುವ ನಮ್ಮ ಹಳೇ ಪದ್ಧತಿ ಇದೆಯಲ್ಲ, ಅದೂ ಈ ಕೆಲಸವನ್ನೇ ಮಾಡುತ್ತೆ. ಕಲ್ಲಿಗೆ ದುಡ್ಡಿಲ್ಲ ಅನ್ನುವವರಿಗೂ ನೆಪ ಉಳಿಯೋದಿಲ್ಲ.

ಇಷ್ಟೆಲ್ಲ ಹೇಳಿದ್ದು ನಿಮಗೆ ಮಸೆಯೋದಕ್ಕೆ ಕಲಿಸಬೇಕು ಅಂತಲ್ಲ. ಆ ಹುಡುಗನಿಗೆ ನಿಮಗಿಂತ ಚೆನ್ನಾಗಿ ಮಸೆಯೋದಕ್ಕೆ ಬರುತ್ತೆ. ಅವನಿಗೆ ಇಲ್ಲದ್ದು ಹೊತ್ತು. ಎಂಟಕ್ಕೆ ಹಾಜರಿ ಕರೆದ ಮೇಲೆ ಕಲ್ಲಿನ ಮುಂದೆ ಕೂತರೆ ತೋಟದ ರೈಟರು ಸೋಮಾರಿ ಅಂತಾರೆ. ಹಾಜರಿಗೆ ಮೊದಲು ಮಸೆಯೋಣ ಅಂದರೆ ಲೈನು ಮನೆಯಲ್ಲಿ ಅಡುಗೆಯಾಗಬೇಕು, ಮಕ್ಕಳನ್ನು ಸ್ಕೂಲಿಗೆ ಹೊರಡಿಸಬೇಕು. ಹೀಗೆ ಮೊಂಡುಗತ್ತಿ ಹಿಡಿದು, ತಲೆ ತಗ್ಗಿಸಿ, ಆನೆ ಓಡಾಡುವ ಹಳ್ಳಕ್ಕೆ ಮೊದಲು ಇಳಿಯುವವನು ಅವನು, ನಾವಲ್ಲ. ಅರಣ್ಯ ಇಲಾಖೆ ಆನೆ ಇದೆ ಅಂತ ಮೊಬೈಲಿಗೆ ಸಂದೇಶ ಕಳಿಸುತ್ತೆ, ಅದು ನಮ್ಮ ಫೋನಿಗೆ ಬಂದರೆ ಸಾಲದು, ಅವನ ಕಿವಿಗೆ ಬೀಳಬೇಕು.

ಹಾಗಾಗಿ ನನ್ನ ತೋಟದಲ್ಲಿ ಹಾಜರಿ ಕರೆಯುವ ಜಾಗದಲ್ಲೇ ಎರಡು ಕಲ್ಲು, ಒಂದು ಬಕೆಟ್ ನೀರು ಇಟ್ಟಿದ್ದೇನೆ. ಮೊದಲ ಕಾಲು ಗಂಟೆ ಮಸೆಯೋದಕ್ಕೆ, ಅದೂ ಕೂಲಿಯ ಲೆಕ್ಕದಲ್ಲೇ. ಆ ಕಾಲು ಗಂಟೆಯಲ್ಲಿ ರಾತ್ರಿ ಆನೆ ಎಲ್ಲಿತ್ತು, ಯಾವ ಬ್ಲಾಕಿಗೆ ಇವತ್ತು ಹೋಗಬಾರದು ಅಂತಲೂ ಮಾತಾಗುತ್ತೆ. ನೀವೂ ನಾಳೆಯಿಂದಲೇ ಶುರು ಮಾಡಿ. ಕಲ್ಲು ನಾನು ಕೊಡ್ತೀನಿ, ಕಾಲು ಗಂಟೆಯ ಕೂಲಿ ನೀವು ಕೊಡಿ.