ಸೇವಾಘಂಟಾಮೀಮಾಂಸೆ

ವಿಷಯಪ್ರವೇಶ

ಅಮೆರಿಕಾ ಸಂಯುಕ್ತ ಸಂಸ್ಥಾನದ ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ, ಗಣಿತ, ವಿಜ್ಞಾನ, ಧರ್ಮಶಾಸ್ತ್ರಾದಿ ಸಕಲ ವಿಷಯಗಳಲ್ಲಿಯೂ ತೇರ್ಗಡೆ ಹೊಂದಿದ ವಿದ್ಯಾರ್ಥಿಯು ಸಹ, ಇಂತಿಷ್ಟು ಗಂಟೆಗಳ ಪರೋಪಕಾರವನ್ನು ಆಚರಿಸಿ, ಅದಕ್ಕೆ ಅನ್ಯರ ಸಹಿಯನ್ನು ಸಂಪಾದಿಸಿ, ಅದರ ಮೇಲೊಂದು ಚಿಂತನಪ್ರಬಂಧವನ್ನು ಬರೆದೊಪ್ಪಿಸಿದ ಹೊರತು ಪದವಿಪ್ರದಾನದ ದಿನ ನಿಲುವಂಗಿಯನ್ನು ತೊಟ್ಟು ವೇದಿಕೆಯನ್ನೇರಲಾರನೆಂಬ ನಿಯಮವು ಬಹುಮಟ್ಟಿಗೆ ರೂಢವಾಗಿರುವುದು. ಕೆಲವೆಡೆ ವರ್ಷಕ್ಕೆ ೨೦ ಗಂಟೆ, ಕೆಲವೆಡೆ ನಾಲ್ಕು ವರ್ಷಕ್ಕೆ ೧೦೦ ಗಂಟೆ ಎಂದು ಪ್ರಮಾಣದಲ್ಲಿ ಭೇದವಿದ್ದರೂ, ದಯೆಯೆಂಬುದು ಗಡಿಯಾರದಿಂದ ಅಳೆಯತಕ್ಕ ದ್ರವ್ಯವೆಂಬ ಮೂಲತತ್ತ್ವದಲ್ಲಿ ಆ ಶಾಲೆಗಳೊಳಗೆ ಭಿನ್ನಮತವಿಲ್ಲ. ಇಷ್ಟು ಗಂಭೀರವಾದ ತತ್ತ್ವಕ್ಕೆ ಇದುವರೆಗೆ ಒಂದು ಶಾಸ್ತ್ರವಿಲ್ಲದಿರುವ ಕೊರತೆಯನ್ನು ನೀಗುವ ಸಲುವಾಗಿ, ಯಾರೂ ಕೇಳಿಕೊಳ್ಳದಿದ್ದರೂ, ಈ ಪ್ರಬಂಧವನ್ನು ಆರಂಭಿಸಿದ್ದೇವೆ.

ಇತಿಹಾಸವಿಚಾರ

ಪುಣ್ಯವನ್ನೆಣಿಸುವ ವಿದ್ಯೆಯು ಕ್ಯಾಥೊಲಿಕ್ ಧರ್ಮಸಭೆಗೆ ಹೊಸತಲ್ಲ. ಪಾಪಕ್ಕೆ ಸಲ್ಲತಕ್ಕ ದಂಡನೆಯನ್ನು ಮನ್ನಿಸುವ ಇಂಡಲ್ಜೆನ್ಸುಗಳಿಗೆ ಪೂರ್ವದಲ್ಲಿ ದಿನಗಳ ಲೆಕ್ಕವಿದ್ದು, ಪ್ರಾರ್ಥನಾಪುಸ್ತಕಗಳಲ್ಲಿ ಪ್ರಾರ್ಥನೆಯ ಕೆಳಗೆ ೧೦೦ ದಿನ, ೩೦೦ ದಿನ ಎಂದು ಅಚ್ಚು ಹಾಕಿಸುತ್ತಿದ್ದರು. ಪ್ರಾಚೀನಸಭೆಯಲ್ಲಿ ಅಷ್ಟು ದಿನ ಪ್ರಾಯಶ್ಚಿತ್ತವನ್ನಾಚರಿಸಿದರೆ ದೊರೆಯುತ್ತಿದ್ದಷ್ಟು ಕ್ಷಮೆಯೆಂಬುದು ಅದರ ಶಾಸ್ತ್ರಾರ್ಥ. ಸಾಮಾನ್ಯಭಕ್ತರಾದರೋ ಶುದ್ಧೀಕರಣಸ್ಥಳದ ವಾಸದಲ್ಲಿ ಅಷ್ಟು ದಿನಗಳ ಕಡಿತವೆಂದೇ ಗ್ರಹಿಸಿ ನಿಶ್ಚಿಂತರಾದರು. ಪೋಪ್ ಆರನೆಯ ಪೌಲರು ೧೯೬೭ನೆಯ ಜನವರಿ ೧ರಂದು ಈ ದಿನಗಣನೆಯನ್ನು ರದ್ದುಗೊಳಿಸಿ, ಕರ್ಮದ ಬೆಲೆಯು ಕರ್ತೃವಿನ ಪ್ರೀತಿಯನ್ನೂ ಕರ್ಮದ ಪರಿಪೂರ್ಣತೆಯನ್ನೂ ಅವಲಂಬಿಸತಕ್ಕದ್ದೆಂದು ವಿಧಿಸಿದರು. ಸರಿಸುಮಾರು ಅದೇ ಸಮಯದಲ್ಲಿ ಅಮೆರಿಕದ ದಕ್ಷಿಣಪ್ರಾಂತದಲ್ಲಿ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರಾಮ್ಸೆ ಎಂಬಿಬ್ಬರು ಸೇವೆಯ ಮೂಲಕ ಕಲಿಕೆಯೆಂಬರ್ಥದ ‘ಸರ್ವೀಸ್ ಲರ್ನಿಂಗ್’ ಎಂಬ ಹೆಸರನ್ನು ಬಳಕೆಗೆ ತಂದುದು ಕಾಕತಾಳೀಯವೆಂದು ಅಲ್ಪಜ್ಞರು ತಿಳಿಯಬಹುದು. ನಮ್ಮ ಪ್ರಥಮಸೂತ್ರವಾದರೋ ಹೀಗಿದೆ: ಎಣಿಕೆಗೆ ನಾಶವಿಲ್ಲ, ಆಶ್ರಯಾಂತರ ಮಾತ್ರವುಂಟು. ರೋಮಿನಲ್ಲಿ ನೆಲೆ ತಪ್ಪಿದ ಗಣನೆಯು ಅಟ್ಲಾಂಟಿಕ್ ಸಾಗರವನ್ನು ದಾಟಿ ಹೈಸ್ಕೂಲಿನ ಆಫೀಸಿನಲ್ಲಿ ನೆಲೆಗೊಂಡಿತು. ದಿನವಾಗಿ ಹೊರಟುದು ಗಂಟೆಯಾಗಿ ಬಂದಿಳಿದುದಕ್ಕೆ ಪ್ರಯಾಣದ ಆಯಾಸವೇ ಕಾರಣವಿರಬೇಕು.

ಮುಂದೆ ೧೯೭೩ರಲ್ಲಿ ಯೇಸುಸಭೆಯ, ಅಂದರೆ ಜೆಸ್ವಿಟ್ ಸಂಘದ, ಪರಮಾಧಿಕಾರಿ ಪೆದ್ರೊ ಅರುಪೆಯವರು ಸ್ಪೇನಿನ ವ್ಯಾಲೆನ್ಸಿಯಾ ನಗರದಲ್ಲಿ ಜೆಸ್ವಿಟ್ ಶಾಲೆಗಳ ಹಳೆಯ ವಿದ್ಯಾರ್ಥಿಗಳನ್ನುದ್ದೇಶಿಸಿ, ಪರರಿಗಾಗಿ ಬಾಳುವ ಮನುಷ್ಯರನ್ನು ರೂಪಿಸುವುದೇ ವಿದ್ಯೆಯ ಗುರಿಯೆಂದೂ, ಅಂತಹ ನ್ಯಾಯಶಿಕ್ಷಣವನ್ನು ತಾವು ಅವರಿಗೆ ಕೊಡಲಿಲ್ಲವೆಂದೂ ನಿಷ್ಠುರವಾಗಿ ನುಡಿದರು. ಪರರಿಗಾಗಿ ಎಷ್ಟು ಗಂಟೆ ಬಾಳಬೇಕೆಂಬುದನ್ನು ಅವರು ಹೇಳದೆ ಹೋದರು. ಆ ನ್ಯೂನತೆಯನ್ನು ಭಾಷ್ಯಕಾರರು ಸರಿಪಡಿಸಿದರು.

ಕರ್ಮವಿಭಾಗ

ಈ ಸೇವಾಘಂಟೆಯು ಮೀಮಾಂಸಕರು ಹೇಳಿದ ನಿತ್ಯ, ನೈಮಿತ್ತಿಕ, ಕಾಮ್ಯಗಳೆಂಬ ಕರ್ಮಗಳಲ್ಲಿ ಯಾವುದಕ್ಕೆ ಸೇರಿದುದು? ಮಾಡದಿದ್ದರೆ ಡಿಪ್ಲೊಮಾ ನಿಂತುಹೋಗುವ ಪ್ರತ್ಯವಾಯವಿರುವುದರಿಂದ ನಿತ್ಯವೆನ್ನಬೇಕು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂದಿತೆಂದರೆ ಬಡವರಿಗೆ ಊಟವಿಕ್ಕುವ ಸೂಪ್ ಕಿಚನ್ನುಗಳಲ್ಲಿ ಉಣ್ಣುವವರಿಗಿಂತ ಬಡಿಸುವವರ ನೂಕುನುಗ್ಗಲೇ ಹೆಚ್ಚಾಗಿ, ಫೆಬ್ರವರಿಯ ಹಿಮದಲ್ಲಿ ಅದೇ ಅಡುಗೆಮನೆಯು ಆಳಿಲ್ಲದೆ ಬಳಲುವುದನ್ನು ಕಂಡರೆ ನೈಮಿತ್ತಿಕವೆನ್ನಬೇಕು. ಕಾಲೇಜಿನ ಅರ್ಜಿಯಲ್ಲಿ ಗಂಟೆಗಳನ್ನು ನಮೂದಿಸುವ ಸಂಪ್ರದಾಯವನ್ನು ನೆನೆದರೆ ಕಾಮ್ಯವೆನ್ನದೆ ಗತಿಯಿಲ್ಲ. ಅಗ್ನಿಹೋತ್ರವು ನಿತ್ಯವೂ ಕಾಮ್ಯವೂ ಆಗಬಲ್ಲುದೆಂದು ಪ್ರಾಚೀನರು ಒಪ್ಪಿದ್ದುಂಟು; ಮೂರನ್ನೂ ಒಂದೇ ಹಾಳೆಯ ಮೇಲೆ ಸಾಧಿಸಿದ ಕೀರ್ತಿಯು ಈ ಶಾಲೆಗಳದ್ದು.

ಇಂದು ಮಾಡಿದ ಯಜ್ಞವು ಇಂದೇ ಮುಗಿದು, ಸ್ವರ್ಗವು ಎಂದೋ ಲಭಿಸುವುದಾದರೆ, ನಡುವಣ ಕಾಲದಲ್ಲಿ ಫಲವನ್ನು ಹೊತ್ತಿರುವ ವಸ್ತು ಯಾವುದೆಂಬ ಪ್ರಶ್ನೆಗೆ ಮೀಮಾಂಸಕರು ಕಣ್ಣಿಗೆ ಕಾಣದ ‘ಅಪೂರ್ವ’ವನ್ನು ಕಲ್ಪಿಸಬೇಕಾಯಿತು. ಇಲ್ಲಿ ಆ ಕಷ್ಟವಿಲ್ಲ. ಸೂಪರ್‌ವೈಸರನ ಸಹಿಬಿದ್ದ ಫಾರಂ ಎಂಬುದೇ ಅಪೂರ್ವ. ಅದು ಕಳೆದುಹೋದರೆ ಕರ್ಮವೇ ನಡೆಯಲಿಲ್ಲವೆಂದು ಸಿದ್ಧ.

ನಿಷೇಧಪ್ರಕರಣವೂ ಸೂಕ್ಷ್ಮವಾದುದು. ಕೂಲಿ ಪಡೆದು ಮಾಡಿದುದೂ ಬಂಧುಗಳಿಗೆ ಮಾಡಿದುದೂ ಸಾಮಾನ್ಯವಾಗಿ ಲೆಕ್ಕಕ್ಕೆ ಬಾರವು. ಆದಕಾರಣ ಹಾಸಿಗೆ ಹಿಡಿದ ಸ್ವಂತ ಅಜ್ಜಿಗೆ ಗಂಜಿ ಕುಡಿಸಿದರೆ ಅದು ಶೂನ್ಯಗಂಟೆ. ನೆರೆಬೀದಿಯ ವೃದ್ಧಾಶ್ರಮದಲ್ಲಿ ಪರರ ಅಜ್ಜಿಗೆ ಕುಡಿಸಿದರೆ ಪೂರ್ಣಗಂಟೆ. ಇಬ್ಬರು ಗೆಳೆಯರು ಪರಸ್ಪರ ಅಜ್ಜಿಯರನ್ನು ವಿನಿಮಯ ಮಾಡಿಕೊಂಡರೆ ಇಬ್ಬರು ಮುದುಕಿಯರ ಹೊಟ್ಟೆಯೂ ಎರಡು ಫಾರಮುಗಳೂ ಏಕಕಾಲದಲ್ಲಿ ತುಂಬುವುದರಿಂದ, ಈ ಪ್ರಯೋಗವನ್ನು ಅಧಿಕಾರಿಗಳ ಅವಗಾಹನೆಗೆ ತರುತ್ತೇವೆ.

ಪೂರ್ವಪಕ್ಷ

ಬಲಾತ್ಕಾರದ ಸೇವೆಯು ಸೇವೆಯಲ್ಲ, ದಾಸ್ಯವೆಂದು ಕೆಲವರು ಆಕ್ಷೇಪಿಸುವರು. ಈ ವಾದವು ನ್ಯಾಯಾಲಯದಲ್ಲಿಯೇ ಪರೀಕ್ಷೆಗೊಳಗಾಗಿದೆ. ಪೆನ್ಸಿಲ್ವೇನಿಯಾ ಸಂಸ್ಥಾನದ ಒಂದು ಊರಿನ ಸಾರ್ವಜನಿಕ ಶಾಲೆಗಳಲ್ಲಿ ನಾಲ್ಕು ವರ್ಷಕ್ಕೆ ೬೦ ಗಂಟೆಗಳ ಸೇವೆಯನ್ನು ಕಡ್ಡಾಯಗೊಳಿಸಲಾಗಿ, ಕೆಲವು ಪೋಷಕರೂ ಮಕ್ಕಳೂ, ದಾಸ್ಯವನ್ನು ತೊಡೆದುಹಾಕಿದ, ಸಂವಿಧಾನದ ೧೮೬೫ರ ಹದಿಮೂರನೆಯ ತಿದ್ದುಪಡಿಗೆ ಇದು ವಿರುದ್ಧವೆಂದು ದಾವೆ ಹೂಡಿದರು. ಆ ಊರಿನ ಹೆಸರು ಬೆತ್ಲೆಹೆಮ್ ಎಂಬುದನ್ನು ನಾವು ಕಲ್ಪಿಸಿದುದಲ್ಲ. ೧೯೯೩ರಲ್ಲಿ ಮೇಲ್ಮನವಿ ನ್ಯಾಯಾಲಯವು ಇದು ದಾಸ್ಯವಲ್ಲವೆಂದು ತೀರ್ಪಿತ್ತು, ಒಲ್ಲದವರು ಖಾಸಗಿ ಶಾಲೆಗೆ ಸೇರಿ ತಪ್ಪಿಸಿಕೊಳ್ಳಬಹುದೆಂದು ದಾರಿಯನ್ನೂ ತೋರಿತು. ಹಾಗೆ ಓಡಿಹೋದವನು ಕ್ಯಾಥೊಲಿಕ್ ಶಾಲೆಯೊಂದರ ಬಾಗಿಲನ್ನು ತಟ್ಟಿದ್ದೇ ಆದರೆ, ಫಾರಂ ಅವನಿಗಾಗಿ ಅಲ್ಲಿಯೂ ಕಾದಿರುವ ಸಂಭವವೇ ಹೆಚ್ಚು.

ಬಲಗೈ ಕೊಟ್ಟುದನ್ನು ಎಡಗೈ ಅರಿಯಬಾರದೆಂಬ, ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದ ವಿಧಿಗೆ ಈ ದಾಖಲೆಯು ವಿರುದ್ಧವಲ್ಲವೆ? ಅಲ್ಲ. ಸಹಿ ಮಾಡುವುದು ಸೂಪರ್‌ವೈಸರನ ಕೈಯಾದ್ದರಿಂದ ವಿದ್ಯಾರ್ಥಿಯ ಎಡಗೈಗೆ ವಾರ್ತೆ ಮುಟ್ಟಲು ಅವಕಾಶವೇ ಇಲ್ಲ. ವಿದ್ಯಾರ್ಥಿಯು ಎಡಚನಾಗಿದ್ದ ಪಕ್ಷದಲ್ಲಿ ಏನೆಂಬ ಪ್ರಶ್ನೆಯನ್ನು ಮುಂದಿನ ಪಂಡಿತರಿಗೆ ಬಿಟ್ಟಿದ್ದೇವೆ.

ಚಿಂತನಪ್ರಬಂಧಲಕ್ಷಣ

ಸೇವಾಂತ್ಯದಲ್ಲಿ ಬರೆಯತಕ್ಕ ಪ್ರಬಂಧಕ್ಕೆ ವಿರೋಧಾಭಾಸವೇ ಪ್ರಧಾನಾಲಂಕಾರ. ಕೊಡಲೆಂದು ಹೋದೆ, ಪಡೆದುದೇ ಹೆಚ್ಚಾಯಿತು ಎಂಬ ವಾಕ್ಯವು ಯಾವುದಾದರೊಂದು ರೂಪದಲ್ಲಿ ಬಂದೇ ತೀರಬೇಕು. ಕೊಟ್ಟುದು ಎರಡು ಗಂಟೆಯ ಕಾಲ ಹುರುಳಿಕಾಯಿಯ ಡಬ್ಬಿಗಳನ್ನು ಜೋಡಿಸಿದ ಶ್ರಮ, ಪಡೆದುದು ಜೀವನದರ್ಶನ. ಇಂತಹ ಲಾಭದಾಯಕ ವಿನಿಮಯವು ಅರ್ಥಶಾಸ್ತ್ರದಲ್ಲಿ ಅಪರೂಪ. ಡಬ್ಬಿಗಾಗಿ ಸಾಲಿನಲ್ಲಿ ನಿಂತವರನ್ನು ಈ ಲೆಕ್ಕದ ತಪಾಸಣೆಗೆ ಕರೆಯುವ ಪದ್ಧತಿಯಿಲ್ಲ.

ಸಿದ್ಧಾಂತ

ಅದೇ ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ, ಅಂತಿಮ ತೀರ್ಪಿನ ದಿನ ಅರಸನು ಹಸಿದವರಿಗೆ ಉಣಿಸಿದ ನೀತಿವಂತರನ್ನು ಬಲಗಡೆಗೆ ಕರೆದಾಗ, ತಾವು ಹಾಗೆ ಮಾಡಿದುದು ಯಾವಾಗಲೆಂದು ಅವರೇ ಬೆರಗಾಗಿ ಕೇಳುವರು. ದಿನಾಂಕದ ಅಂಕಣವನ್ನು ತುಂಬಿಟ್ಟುಕೊಂಡ ನಮ್ಮ ವಿದ್ಯಾರ್ಥಿಗೆ ಇಂತಹ ವಿಸ್ಮರಣೆ ಸಾಧ್ಯವಿಲ್ಲ. ಆ ಸಭೆಯಲ್ಲಿ ಇದು ಅನುಕೂಲವೋ ಪ್ರತಿಕೂಲವೋ ಎಂಬುದು ವಿಚಾರಾರ್ಹ.

ಆ ಅಧ್ಯಾಯದ ಆರು ದಯಾಕಾರ್ಯಗಳೊಡನೆ, ತೋಬಿತನ ಗ್ರಂಥದ ಆಧಾರದಿಂದ ಧರ್ಮಸಭೆಯು ಏಳನೆಯದಾಗಿ ಸೇರಿಸಿಕೊಂಡುದು ಶವಸಂಸ್ಕಾರ. ಓಹಾಯೋದ ಕ್ಲೀವ್‌ಲ್ಯಾಂಡ್ ನಗರದ ಸಂತ ಇಗ್ನೇಷಿಯಸ್ ಹೈಸ್ಕೂಲಿನ ಹುಡುಗರು ೨೦೦೩ರಿಂದ, ಹೊರುವವರಿಲ್ಲದವರ ಶವಪೆಟ್ಟಿಗೆಗಳಿಗೆ ಹೆಗಲು ಕೊಡುತ್ತ ಬಂದಿದ್ದಾರೆ. ಈ ಉದಾಹರಣೆಯಲ್ಲಿ ನಮ್ಮ ಶಾಸ್ತ್ರವು ಎಡವುತ್ತದೆಂದು ಒಪ್ಪಲೇಬೇಕು: ಸೇವೆಯನ್ನು ಪಡೆದವನು ಸಹಿ ಮಾಡಲಾರ, ಧನ್ಯವಾದ ಹೇಳಲಾರ, ಪ್ರಬಂಧಕ್ಕೊದಗುವ ಒಂದು ಮಾತನ್ನೂ ಆಡಲಾರ. ಹಾಗೆಯೇ ಗಂಟೆಗಳೆಲ್ಲ ತೀರಿದ ಮೇಲೆಯೂ ಫೆಬ್ರವರಿಯ ಶನಿವಾರ ಬೆಳಿಗ್ಗೆ ಅದೇ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುವ ಹುಡುಗಿಯೊಬ್ಬಳಿದ್ದರೆ, ಅವಳನ್ನು ಸೇರಿಸತಕ್ಕ ಅಂಕಣವು ಯಾವ ಫಾರಮಿನಲ್ಲಿಯೂ ಇಲ್ಲ. ಅವಳನ್ನು ಮೊದಲ ಬಾರಿಗೆ ಅಲ್ಲಿಗೆ ಅಟ್ಟಿದುದು ನಿಯಮವೇ ಎಂಬುದನ್ನು ಮರೆಯಲಾಗದು. ಎರಡನೆಯ ಬಾರಿಗೆ ಕರೆದುದು ನಿಯಮವಲ್ಲವೆಂಬುದನ್ನೂ ಮರೆಯಲಾಗದು. ಗಣನೆಗೆ ಹೊಸ್ತಿಲವರೆಗೆ ಅಧಿಕಾರವುಂಟು, ಒಳಗಿಲ್ಲ ಎಂಬುದೇ ನಮ್ಮ ಚರಮಸೂತ್ರ.

ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಪಠಿಸಿದವರಿಗೆ ಅರ್ಧ ಗಂಟೆಯ ಸೇವಾಫಲವನ್ನು ದಯಪಾಲಿಸಬೇಕೆಂಬ ಸಂಕಲ್ಪವು ನಮಗಿದ್ದಿತು. ಆದರೆ ಇದರ ಪಠನದಿಂದ ಯಾವ ಬಡವನಿಗೂ ಯಾವ ಪ್ರಯೋಜನವೂ ಆಗುವುದಿಲ್ಲವಾದ ಕಾರಣ, ನಿಷೇಧಪ್ರಕರಣವನ್ನು ಗೌರವಿಸಿ, ಆ ಸಂಕಲ್ಪವನ್ನು ಹಿಂತೆಗೆದುಕೊಂಡಿದ್ದೇವೆ.