ಕೋವಿಗೊಂದು ಕೆನ್ನೆದಿಂಬು

ಟೆಕ್ಸಸ್‌ನಲ್ಲಿ ಕೋವಿ ಕೊಳ್ಳುವುದು ಕಾಫಿ ಆರುವಷ್ಟರಲ್ಲಿ ಮುಗಿಯುವ ಕೆಲಸ. ಗ್ರೀನ್ ಕಾರ್ಡ್ ತೋರಿಸಿ, ಫಾರಂ 4473 ತುಂಬಿಕೊಟ್ಟರೆ ಅಂಗಡಿಯವನು ನನ್ನ ಪೂರ್ವೋತ್ತರವನ್ನು ಮೇಲಿನವರಿಗೆ ಕೇಳಿ 'ಆಯ್ತು, ತಗೊಂಡ್ಹೋಗಿ' ಅನ್ನುತ್ತಾನೆ. ಆ ಕೋವಿಯ ಮೇಲೆ ಕೆನ್ನೆ ಇಡಲು ಒಂದು ದಿಂಬು ಆರಿಸುವುದಿದೆ ನೋಡಿ, ಅದಕ್ಕೆ ಒಂದು ಇಡೀ ಬೇಸಿಗೆ, ಹೆಂಡತಿಯ ತಾಳ್ಮೆ ಮತ್ತು ಅತ್ತೆಯವರ ಹಳೇ ರವಿಕೆಗಳು ಬೇಕಾದವು.

ಕೋವಿಯ ನಂಟು ನನಗೆ ಹೊಸದೇನಲ್ಲ. ತೀರ್ಥಹಳ್ಳಿ ಕಡೆ ನಮ್ಮ ದೊಡ್ಡಪ್ಪನ ಹತ್ತಿರ ಜೋಡುನಳಿಗೆಯೊಂದಿತ್ತು. ಅಡಿಕೆ ತೋಟಕ್ಕೆ ನುಗ್ಗುವ ಮಂಗಗಳನ್ನು ಹೆದರಿಸುವುದು ಅದರ ಉದ್ಯೋಗ. ಆದರೆ ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. ದೊಡ್ಡಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಒಯ್ದು, ಕೊಟ್ಟು, ರಸೀದಿ ತಂದು ಗೋಡೆಯ ಮೊಳೆಗೆ ಚುಚ್ಚುತ್ತಿದ್ದರು. ವಿಧಾನಸಭೆ, ಲೋಕಸಭೆ, ಪಂಚಾಯಿತಿ ಅಂತ ಒಂದಲ್ಲ ಒಂದು ಇದ್ದೇ ಇರುತ್ತಿತ್ತು. ನೀತಿಸಂಹಿತೆ ಯಾವಾಗ ಜಾರಿಗೆ ಬರುತ್ತದೆಂದು ಮಂಗಗಳಿಗೆ ನಮಗಿಂತ ಮೊದಲೇ ಗೊತ್ತಾಗುತ್ತಿತ್ತು. ಗುಂಡು ಹೊಡೆಯುವಾಗ ದೊಡ್ಡಪ್ಪನ ಕೆನ್ನೆ ಎಲ್ಲಿರುತ್ತಿತ್ತೋ ಅವರಿಗೇ ತಿಳಿಯದು, ಕಣ್ಣಂತೂ ಮುಚ್ಚಿರುತ್ತಿತ್ತು.

ನನ್ನದು ಎಂ1 ಗ್ಯಾರಂಡ್. ಕೆನಡಾದಲ್ಲಿ ಹುಟ್ಟಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ಕೆಲಸಕ್ಕಿದ್ದ ಜಾನ್ ಗ್ಯಾರಂಡ್ ರೂಪಿಸಿದ್ದು, 1936ರಲ್ಲಿ ಅಲ್ಲಿನ ಸೇನೆ ಒಪ್ಪಿಕೊಂಡದ್ದು. ಐವತ್ತು ಲಕ್ಷಕ್ಕೂ ಹೆಚ್ಚು ಕೋವಿಗಳು ತಯಾರಾದರೂ ಆ ಪುಣ್ಯಾತ್ಮನಿಗೆ ರಾಯಧನವೆಂದು ಒಂದು ಕಾಸೂ ಸಿಗಲಿಲ್ಲ. ಒಂದು ಲಕ್ಷ ಡಾಲರ್ ಕೊಡಬೇಕೆಂದು ಬಂದ ಮಸೂದೆಯೂ ಅಮೆರಿಕದ ಸಂಸತ್ತಿನಲ್ಲಿ ಬಿದ್ದುಹೋಯಿತು. ಮನೆಯ ಹಜಾರದಲ್ಲೇ ನೀರು ಹೆಪ್ಪುಗಟ್ಟಿಸಿ ಸ್ಕೇಟಿಂಗ್ ಮಾಡುತ್ತಿದ್ದನೆಂಬ ಕಥೆಯೊಂದಿದೆ. ಅದನ್ನು ಕೇಳಿದ ನನ್ನ ಹೆಂಡತಿಗೆ ಗ್ಯಾರಂಡನಿಗಿಂತ ಅವನ ಹೆಂಡತಿಯ ಮೇಲೆ ಭಕ್ತಿ ಹುಟ್ಟಿತು.

ಈ ಕೋವಿಗೆ ದುರ್ಬೀನು ಕೂರಿಸುವುದು ಒಂದು ಪೇಚು. ಎಂಟು ಗುಂಡುಗಳ ಕ್ಲಿಪ್ಪು ಮೇಲಿನಿಂದ ಒಳಗಿಳಿಯಬೇಕು, ಖಾಲಿಯಾದ ಮೇಲೆ 'ಟಿಂಗ್' ಎಂದು ಮೇಲಕ್ಕೇ ಹಾರಬೇಕು. ನೆತ್ತಿಯ ಮೇಲೆ ದುರ್ಬೀನು ಕೂತರೆ ಎರಡಕ್ಕೂ ದಾರಿ ಬಂದ್. ಅದಕ್ಕೇ ಎಂ1ಸಿ, ಎಂ1ಡಿ ಎಂಬ ಸ್ನೈಪರ್ ಮಾದರಿಗಳಲ್ಲಿ ಅದನ್ನು ಎಡಕ್ಕೆ ಸರಿಸಿದರು. ದುರ್ಬೀನು ಎಡಕ್ಕೆ ಹೋದರೆ ಕಣ್ಣೂ ಎಡಕ್ಕೆ ಹೋಗಬೇಕು, ಕಣ್ಣಿನ ಹಿಂದೆ ಕೆನ್ನೆಯೂ ಮರ ಬಿಟ್ಟು ಹೊರಡಬೇಕು. ಮರಕ್ಕೂ ಕೆನ್ನೆಗೂ ನಡುವೆ ಬಿದ್ದ ಆ ಸಂದಿಗೆ ಸೇನೆಯವರು ಒಂದು ಚರ್ಮದ ದಿಂಬು ಮಾಡಿಸಿ ದಾರದಿಂದ ಬಿಗಿದರು. ನನ್ನದು ಎಂ1ಡಿಯ ನಕಲು, 2.2 ಪಟ್ಟಿನ ದುರ್ಬೀನಿನ ಸಮೇತ. ದಿಂಬು ಮಾತ್ರ ಬಂದಿರಲಿಲ್ಲ.

ದಿಂಬಿಲ್ಲದಿದ್ದರೆ ಏನಾಗುತ್ತದೆ ಅಂದಿರಾ? ಕಣ್ಣು ಚೂರು ಆಚೀಚೆಯಾದರೂ ದುರ್ಬೀನಿನ ಅಂಚಿನಲ್ಲಿ ಕಪ್ಪನೆಯ ಕುಡುಗೋಲೊಂದು ಮೂಡಿ ಗುರಿಯನ್ನು ನುಂಗುತ್ತದೆ. ಬೋಲ್ಟ್ ಕೋವಿಯವನು ಪ್ರತಿ ಗುಂಡಿಗೂ ತಲೆ ಎತ್ತುತ್ತಾನೆ, ಬೋಲ್ಟ್ ಎಳೆಯುತ್ತಾನೆ, ಮತ್ತೆ ಕೆನ್ನೆ ಹುಡುಕುತ್ತಾನೆ. ಅರೆಸ್ವಯಂಚಾಲಿತ ಕೋವಿಯ ಸುಖವೇ ಬೇರೆ: ಒಮ್ಮೆ ಇಟ್ಟ ಕೆನ್ನೆಯನ್ನು ಎಂಟು ಗುಂಡು ಮುಗಿಯುವವರೆಗೆ ಎತ್ತಬೇಕಿಲ್ಲ. ಎತ್ತಬೇಕಿಲ್ಲ ಅಂದರೆ ಎಲ್ಲಿ ಇಡುತ್ತೇವೆಂಬುದು ಮುಖ್ಯವಾಯಿತಲ್ಲ! 2.2 ಪಟ್ಟಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ, ಪಟ್ಟು ಕಡಿಮೆಯಾದಷ್ಟೂ ಕಣ್ಣಿಗೆ ಜಾಗ ಧಾರಾಳ ಎನ್ನುತ್ತಾರೆ ತಿಳಿದವರು. ಅದು ನನಗೂ ಗೊತ್ತು. ಗೊತ್ತಿದ್ದೇ ಕೆಡಿಸಿಕೊಂಡೆ.

ಮೊದಲು ತರಿಸಿದ್ದು ಹಳೇ ಮಾದರಿಯ ಚರ್ಮದ್ದು. ಟೆಕ್ಸಸ್‌ನ ಜುಲೈ ಸೆಕೆಗೆ ಅದು ಕೆನ್ನೆಗೆ ಅಂಟಿಕೊಂಡು, ಬಿಡಿಸಿಕೊಳ್ಳುವಾಗ 'ಚರ್' ಎನ್ನುತ್ತಿತ್ತು. ಗಟ್ಟಿ ಪ್ಲಾಸ್ಟಿಕ್ಕಿನದು ಎತ್ತರ ಸರಿಯಿತ್ತು, ಆದರೆ ಕೂರಿಸಲು ಮರಕ್ಕೆ ತೂತು ಕೊರೆಯಬೇಕು. ಹಳೇ ಅಕ್ರೋಟು ಮರಕ್ಕೆ ಡ್ರಿಲ್ ಹಿಡಿಯಲು ಕೈ ಬರಲಿಲ್ಲ. ನೈಲಾನ್ ಗವಸಿನದಕ್ಕೆ ಜೇಬುಗಳಿದ್ದವು, ಪಟ್ಟಿಗಳಿದ್ದವು. ಒಂದೊಂದು ಗುಂಡಿಗೂ ಅದು ಮರದ ಸುತ್ತ ಪ್ರದಕ್ಷಿಣೆ ಹಾಕುತ್ತಿತ್ತು. ಯೋಗದ ಚಾಪೆ ಕತ್ತರಿಸಿ ಟೇಪು ಸುತ್ತಿದ್ದೂ ಉಂಟು. ಚಾಪೆ ಹೆಂಡತಿಯದು. ಆ ವಿಷಯ ಇಲ್ಲಿಗೆ ಬಿಡೋಣ.

ದಿಂಬಿನ ಎತ್ತರ ಪರೀಕ್ಷಿಸುವುದಕ್ಕೆ ಒಂದು ಕ್ರಮವಿದೆ. ಕಣ್ಣು ಮುಚ್ಚಬೇಕು. ಕೋವಿಯನ್ನು ಹೆಗಲಿಗೆ ಆನಿಸಬೇಕು. ಕುತ್ತಿಗೆ ಬಿಗಿಯದೆ ಕೆನ್ನೆಯನ್ನು ಅದರ ಪಾಡಿಗೆ ಇಳಿಬಿಡಬೇಕು. ಆಮೇಲೆ ಕಣ್ಣು ತೆರೆದರೆ ದುರ್ಬೀನಿನಲ್ಲಿ ಪೂರ್ತಿ ದುಂಡಗಿನ ನೋಟ ಕಾಣಬೇಕು. ಕಾಣದಿದ್ದರೆ ದಿಂಬು ಏರಿಸು, ಇಳಿಸು, ಮತ್ತೆ ಕಣ್ಣು ಮುಚ್ಚು. ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ ಕೋವಿ ಖಾಲಿಯಿದೆಯೆಂದು ನೋಡಿ, ಮತ್ತೆ ನೋಡಿ, ಮೂತಿಯನ್ನು ಇಟ್ಟಿಗೆಯ ಗೋಡೆಯತ್ತ ತಿರುಗಿಸಿ ನಾನು ಇದನ್ನೇ ಮಾಡುತ್ತಿದ್ದೆ. ಮೈಸೂರಿಂದ ಆರು ತಿಂಗಳಿಗೆ ಬಂದಿದ್ದ ಅತ್ತೆ ಎದುರು ಸೋಫಾದಲ್ಲಿ ಕೂತು, ನೆನೆಸಿದ್ದ ಅವರೆಕಾಳು ಹಿದುಕುತ್ತಿದ್ದರು. ಅವರು ಬಹಳ ಹೊತ್ತು ಸುಮ್ಮನೆ ನೋಡಿದರು. ಅಳಿಯ ಕೆನ್ನೆ ಒರಗಿಸುತ್ತಾನೆ, ಕಣ್ಣು ಮುಚ್ಚುತ್ತಾನೆ, ನಿಟ್ಟುಸಿರು ಬಿಡುತ್ತಾನೆ, ಬೆಚ್ಚಿದವನಂತೆ ಕಣ್ಣು ತೆರೆಯುತ್ತಾನೆ, ಗೊಣಗುತ್ತಾನೆ, ಮತ್ತೆ ಒರಗುತ್ತಾನೆ.

"ಅಳಿಯಂದ್ರೇ, ನಿದ್ದೆ ಬಂದಿದ್ರೆ ಒಳಗ್ಹೋಗಿ ಮಲಗಬಾರ್ದಾ? ಆ ಕಬ್ಬಿಣದ ಮೇಲೆ ಯಾಕೆ ಒರಗ್ತೀರಿ?"

ವಿವರಿಸಿದೆ. ಕುಡುಗೋಲು, ಎಡಕ್ಕೆ ಸರಿದ ದುರ್ಬೀನು ಎಲ್ಲವನ್ನೂ. ಅತ್ತೆ ಬೇರೇನೂ ಕೇಳಲಿಲ್ಲ. ಕೈ ಒರೆಸಿಕೊಂಡು ಎದ್ದು ಬಂದು ನನ್ನ ಬಲಗೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಆಗಷ್ಟೇ ಅವರೆಕಾಳು ಹಿದುಕಿದ್ದ ಬೆರಳು. ಒಂದು ಕ್ಷಣ ನನಗೆ ಸಿಪ್ಪೆಯ ಭಯವಾಯಿತು. "ಎಡಕ್ಕಿಂತ ಬಲ ದಪ್ಪ. ಊಟ ಆಗಿದೆಯಲ್ಲ, ಅದಕ್ಕೇ. ಅಳತೆ ಹೊಟ್ಟೆ ಹಸಿದಾಗ ತಗೋಬೇಕು" ಎಂದರು. ಸೂಟ್‌ಕೇಸಿನಿಂದ ಎರಡು ಹಳೇ ರವಿಕೆ ಬಂದವು, ಕತ್ತರಿ ಬಂತು, ಬಾಯಲ್ಲಿ ಗುಂಡುಸೂಜಿ ಬಂತು. ಮರಕ್ಕೆ ಬಟ್ಟೆಯ ಮಡಿಕೆ ಹಾಕಿ, "ಇಡಿ" ಅಂದರು. ಇಟ್ಟೆ. "ಕಾಣುತ್ತಾ?" ಎಡಕ್ಕೆ ಕುಡುಗೋಲು ಎಂದೆ. ಒಂದು ಮಡಿಕೆ ಬಿಚ್ಚಿದರು. "ಈಗ?" ಕೆಳಕ್ಕೆ ಕುಡುಗೋಲು. "ಹಲ್ಲು ಕಚ್ಚಬೇಡಿ, ಹಲ್ಲು ಕಚ್ಚಿದ್ರೆ ಕೆನ್ನೆ ಏಳುತ್ತೆ." ಸಡಿಲಬಿಟ್ಟೆ. "ಅಷ್ಟೊಂದೂ ಬಿಡಬೇಡಿ." ಹೀಗೆ ನನ್ನ ಮುಖದ ಮೇಲಿನ ಹಕ್ಕು ನನ್ನ ಕೈತಪ್ಪಿ ಹೋಗುತ್ತಿತ್ತು. ಕೊನೆಗೆ ಒಂದು ಮಡಿಕೆಯನ್ನು ಅರ್ಧಕ್ಕೆ ಓರೆಯಾಗಿ ಮಡಚಿ ಸಿಕ್ಕಿಸಿದರು. ಕಣ್ಣು ತೆರೆದೆ. ಅಂಚಿನಲ್ಲಿ ಎಲ್ಲೂ ಕಪ್ಪಿಲ್ಲ, ಪೂರ್ತಿ ದುಂಡಗೆ, ನಡುವೆ ನಮ್ಮ ಗೋಡೆಯ ಒಂದೇ ಒಂದು ಇಟ್ಟಿಗೆ. ಅಷ್ಟು ಸುಂದರವಾದ ಇಟ್ಟಿಗೆಯನ್ನು ನಾನು ನೋಡಿಯೇ ಇರಲಿಲ್ಲ. ಅತ್ತೆಗೂ ತೋರಿಸಿದೆ. ಅವರಿಗೆ ಕುಡುಗೋಲು ಕಂಡಿತು. "ಇದು ನಿಮ್ಮ ಕೆನ್ನೆಗೆ ಮಾತ್ರ" ಎಂದು ಹೆಮ್ಮೆಯಿಂದ ಸೂಜಿಗೆ ದಾರ ಪೋಣಿಸಿದರು.

ಆಗಲೇ ಮಗಳು ಸ್ಕೂಲಿಂದ ಬಂದಳು. ಮೂರನೇ ಕ್ಲಾಸು. ಕೋವಿಯನ್ನು ನೋಡಿದಳು, ಅದರ ಮೇಲಿನ ರವಿಕೆ ನೋಡಿ ನಕ್ಕಳು, ಶೂ ಬಿಚ್ಚುತ್ತ ಅಜ್ಜಿಗೆ ಹೇಳಿದಳು: "ಇವತ್ತು ಲಾಕ್‌ಡೌನ್ ಡ್ರಿಲ್ ಇತ್ತು. ನಾನು ಚೂರೂ ಸದ್ದು ಮಾಡ್ಲಿಲ್ಲ, ಗೊತ್ತಾ?"

"ಏನು ಡ್ರಿಲ್ಲಮ್ಮ ಅದು, ಭೂಕಂಪದ್ದಾ?"

"ಅಲ್ಲಜ್ಜಿ. ಯಾರಾದ್ರೂ ಗನ್ ತಗೊಂಡು ಬಂದ್ರೆ. ಲೈಟ್ ಆರಿಸಿ ಎಲ್ಲಾರೂ ಮೂಲೇಲಿ ಕೂತ್ಕೋಬೇಕು."

ಇದೇ ಟೆಕ್ಸಸ್‌ನ ಯುವಾಲ್ಡೆಯಲ್ಲಿ 2022ರ ಮೇ 24ರಂದು ಹದಿನೆಂಟು ವರ್ಷದವನೊಬ್ಬ ಅರೆಸ್ವಯಂಚಾಲಿತ ರೈಫಲ್ ಹಿಡಿದು ಪ್ರಾಥಮಿಕ ಶಾಲೆಗೆ ನುಗ್ಗಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದ. ನನ್ನದು ಬೇರೆ ಥರದ್ದು, ಹಳೇದು, ಮರದ್ದು, ಎಂಟೇ ಗುಂಡು ಎಂದು ಹೇಳಲು ನನ್ನ ಹತ್ತಿರ ಮಾತು ಯಾವಾಗಲೂ ಸಿದ್ಧವಿರುತ್ತದೆ. ಅವತ್ತು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೋವಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬಂದೆ. ಅತ್ತೆ ಮಾತ್ರ ಸ್ವಲ್ಪ ಹೊತ್ತಿನ ಮೇಲೆ, "ನಿಮ್ಮ ದೊಡ್ಡಪ್ಪ ಎಲೆಕ್ಷನ್ ಬಂದ್ರೆ ಠಾಣೆಗೆ ಕೊಡ್ತಿದ್ರಂತಲ್ಲ, ಇಲ್ಲಿ ಯಾವಾಗ ಕೊಡ್ತೀರಿ?" ಎಂದರು. ಇಲ್ಲಿ ಕೊಡೋದಿಲ್ಲ ಅತ್ತೆ ಎಂದೆ. "ಹೌದಾ" ಎಂದು ಅವರೆಕಾಳಿನ ಪಾತ್ರೆ ಎತ್ತಿಕೊಂಡು ಅಡಿಗೆಮನೆಗೆ ಹೋದರು.

ದಿಂಬು ಒಂದು ವಾರ ಹಾಗೇ ಬಿದ್ದಿತ್ತು. ಆಮೇಲೆ ಅತ್ತೆಯೇ ಹೊಲಿದು ಮುಗಿಸಿದರು. ಅರ್ಧ ಮಾಡಿದ ಕೆಲಸ ಕಣ್ಣೆದುರು ಬಿದ್ದಿರುವುದು ಅವರಿಗಾಗದು. ಗಿಳಿಹಸಿರು, ಅಂಚಿಗೆ ಜರಿ, ಬಿಗಿಯಲು ಲಂಗದ ಲಾಡಿ.

ಗುಂಡು ಹಾರಿಸುವ ರೇಂಜಿನಲ್ಲಿ ನನಗೆ ಕಂಡರಾಗದವರೆಂದರೆ ಕೇಳದೆ ಬುದ್ಧಿ ಹೇಳುವವರು. ಬಿಳಿಗಡ್ಡ, ಜೇಬುಗಳ ಅಂಗಿ. ನಾವು ಉಸಿರು ಹಿಡಿದ ಗಳಿಗೆಯಲ್ಲೇ ಹಿಂದೆ ಬಂದು ನಿಂತು, ಉಸಿರು ಹೇಗೆ ಹಿಡಿಯಬೇಕೆಂದು ಹೇಳುತ್ತಾರೆ. ದುರ್ಬೀನು ತಪ್ಪು, ಸ್ಲಿಂಗ್ ತಪ್ಪು, ನಾನು ಕೂತ ಸ್ಟೂಲೂ ತಪ್ಪು. ಹೊಸ ದಿಂಬು ಕಟ್ಟಿಕೊಂಡು ಹೋದ ದಿನ ಅಂಥ ಒಬ್ಬರು ನನ್ನ ಕೋವಿಯನ್ನೇ ದಿಟ್ಟಿಸುತ್ತಿದ್ದರು. ನಾನು ಹಲ್ಲು ಕಚ್ಚದೆ, ಅಷ್ಟೊಂದೂ ಬಿಡದೆ, ನೂರು ಗಜದಾಚೆಯ ಕಾಗದಕ್ಕೆ ಎಂಟೂ ಗುಂಡು ಹೊಡೆದೆ. ಟಿಂಗ್ ಎಂದಿತು. ತೂತುಗಳೆಲ್ಲ ಅಂಗೈಯಗಲದೊಳಗಿದ್ದವು. ಅವರು ಹತ್ತಿರ ಬಂದು ಜರಿಯಂಚು ಸವರಿ, ಇದು ಯಾವ ಕಂಪನಿಯದು, ಎಲ್ಲಿ ಸಿಗುತ್ತದೆ, ತಮಗೂ ಒಂದು ಬೇಕು ಎಂದರು. ಮೈಸೂರು ಎಂದೆ. ಅವರು ಗಂಭೀರವಾಗಿ ಬರೆದುಕೊಂಡರು.

ಮನೆಗೆ ಬಂದು ಹೇಳಿದರೆ ಅತ್ತೆ ಹಿಗ್ಗಿಹೋದರು. ಎಷ್ಟು ಡಾಲರ್ ಕೊಡ್ತಾರಂತೆ ಅಂತಲೂ ಕೇಳಿದರು. ವಿಸಿಟರ್ ವೀಸಾದಲ್ಲಿ ದುಡಿಯುವಂತಿಲ್ಲ ಎಂದೆ. "ದುಡ್ಡು ಬೇಡ ಬಿಡಿ, ಪಾಪ, ವಯಸ್ಸಾದವರು" ಎಂದು ಒಳಗೆ ಹೋಗಿ ಅಳತೆ ಟೇಪು ತಂದು ನನ್ನ ಕೈಗಿಟ್ಟರು. "ಶನಿವಾರ ಹೋದಾಗ ಅವರ ಕೆನ್ನೆ ಅಳತೆ ತಗೊಂಡು ಬನ್ನಿ. ಗಡ್ಡ ಒತ್ತಿ ಹಿಡಿದು ತಗೊಳ್ಳಿ. ಮತ್ತೆ, ಊಟಕ್ಕೆ ಮುಂಚೆ."