ಅಡ್ಡಿಲ್ಲೆ ಡೈರೆಕ್ಟರ್ರು

ಶಿರೂರಿನಿಂದ ಹೊರಟು ಬೈಂದೂರು ದಾಟಿ, ಮರವಂತೆಯಲ್ಲಿ ಒಂದು ಬದಿ ಕಡಲು, ಒಂದು ಬದಿ ಹೊಳೆ ನೋಡಿಕೊಂಡು, ಕುಂದಾಪುರದ ಶಾಸ್ತ್ರಿ ಸರ್ಕಲ್ ಹಿಂದೆ ಹಾಕಿ ಬ್ರಹ್ಮಾವರ ಮುಟ್ಟುವುದರೊಳಗೆ ಹೆದ್ದಾರಿ ಬದಿಯಲ್ಲಿ ಎಷ್ಟು ಸಹಕಾರಿ ಸಂಘಗಳ ಬೋರ್ಡು ಕಾಣುತ್ತದೋ, ಅಷ್ಟು ಕಡೆಯೂ ಇವರು ಒಬ್ಬರಾದರೂ ಇದ್ದೇ ಇರುತ್ತಾರೆ. ವ್ಯವಸಾಯ ಸೇವಾ ಸಂಘ, ಹಾಲಿನ ಸಂಘ, ಮೀನುಗಾರರ ಸಂಘ, ಸೌಹಾರ್ದ ಸಹಕಾರಿ, ಯಾವುದಾದರೂ ಸರಿ. ಹೆಸರು ಹೇಳುವ ಅಗತ್ಯವಿಲ್ಲ. ಊರಿನವರೂ ಹೇಳುವುದಿಲ್ಲ. ‘ಡೈರೆಕ್ಟರ್ರು’ ಎಂದರೆ ಸಾಕು, ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನ ತಿರುಗಿ ನೋಡುತ್ತಾರೆ. ನಾಲ್ವರೂ ಡೈರೆಕ್ಟರ್ರೇ ಆಗಿರುತ್ತಾರೆ.

ಗುರುತು ಹಿಡಿಯುವುದು ಸುಲಭ. ಬಿಳಿ ಅಂಗಿ, ಜೇಬಿನಲ್ಲಿ ಸಹಿಗೆ ಬಿಟ್ಟು ಬೇರೆ ಯಾವ ಕೆಲಸಕ್ಕೂ ಇಳಿಯದ ಒಂದು ಪೆನ್ನು. ಮಗಳ ಮದುವೆಯ ಕರೆಯೋಲೆಯಲ್ಲಿ ಹೆಸರಿನ ಕೆಳಗೆ ಆವರಣದೊಳಗೆ ‘ನಿರ್ದೇಶಕರು’. ಹಬ್ಬಕ್ಕೆ ಶುಭ ಕೋರುವ ಫ್ಲೆಕ್ಸಿನಲ್ಲಿ ಅಧ್ಯಕ್ಷರ ದೊಡ್ಡ ಫೋಟೋದ ಕೆಳಗೆ ಸಾಲಾಗಿ ಹನ್ನೆರಡು ಸಣ್ಣ ಫೋಟೋಗಳಿರುತ್ತವಲ್ಲ, ಅದರಲ್ಲಿ ಬಲದಿಂದ ಮೂರನೆಯವರು.

ಇವರನ್ನು ದಡ್ಡರೆಂದು ತಿಳಿದರೆ ಕೆಟ್ಟಿರಿ. ತೋಟಕ್ಕೆ ಒಂದು ಪಂಪು ಕೊಳ್ಳಬೇಕಾದರೆ ಮೂರು ಅಂಗಡಿ ಹತ್ತಿಳಿಯುತ್ತಾರೆ, ವಾರಂಟಿ ಕಾರ್ಡನ್ನು ಎರಡೂ ಬದಿ ಓದುತ್ತಾರೆ, ಕೊನೆಗೆ ‘ಪೈಪು ಫ್ರೀ ಅಲ್ದಾ?’ ಎಂದು ಕೇಳಿ ಪೈಪನ್ನೂ ತರುತ್ತಾರೆ. ಎಂಒ-4 ಬೀಜದ ಬತ್ತವನ್ನು ಅಂಗೈಯಲ್ಲಿ ಉಜ್ಜಿ, ಹಲ್ಲಿಗೆ ಕೊಟ್ಟು ನೋಡದೆ ಗದ್ದೆಗೆ ಬಿಟ್ಟವರಲ್ಲ. ಗಂಗೊಳ್ಳಿಯ ಬಂಗುಡೆಯಾದರೂ ಕಿವಿರು ಎತ್ತಿ ಕೆಂಪು ಕಾಣದೆ ಬುಟ್ಟಿಯಿಂದ ಏಳುವುದಿಲ್ಲ. ಮೀನು ಮಾರುವವರು ಇವರು ದೂರದಲ್ಲಿ ಬರುವುದು ಕಂಡರೇ ಐದು ರೂಪಾಯಿ ಏರಿಸಿ ಕೂತಿರುತ್ತಾರೆ, ಇಳಿಸಲಿಕ್ಕೆ ಜಾಗ ಬೇಕಲ್ಲ.

ಇಂಥವರು ತಿಂಗಳಿಗೊಮ್ಮೆ ಆಡಳಿತ ಮಂಡಳಿ ಸಭೆಯ ಕುರ್ಚಿಯಲ್ಲಿ ಕೂತ ಕೂಡಲೇ ಬೇರೆ ಮನುಷ್ಯರಾಗುತ್ತಾರೆ.

ಗೋಡೆಯ ಮೇಲೆ ಮೊಳಹಳ್ಳಿ ಶಿವರಾಯರ ಫೋಟೋ. ಮೊಳಹಳ್ಳಿ ಕುಂದಾಪುರ ತಾಲೂಕಿನ ಊರೇ. ಶಿವರಾಯರು ಪುತ್ತೂರಿನಲ್ಲಿ ವಕೀಲರಾಗಿದ್ದವರು, 1914ರಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕನ್ನು ಕಟ್ಟಿದವರು. ಪಾಟೀಸವಾಲು ಬಲ್ಲ ಆ ಮಹನೀಯರ ಕೆಳಗೆ ಕೂತು ನಮ್ಮವರು ಒಂದೂ ಸವಾಲು ಹಾಕುವುದಿಲ್ಲ. ನವೆಂಬರಿನ ಸಹಕಾರಿ ಸಪ್ತಾಹದಲ್ಲಿ ಹಾರ ಮಾತ್ರ ತಪ್ಪದೆ ಹಾಕುತ್ತಾರೆ.

ಸಭೆಯ ಮೂರನೆಯ ವಿಷಯ: ಪ್ರಧಾನ ಕಚೇರಿಗೆ ಹೊಸ ಕಟ್ಟಡ, ಅಂದಾಜು ವೆಚ್ಚ 3 ಕೋಟಿ. ಮುಖ್ಯ ಕಾರ್ಯನಿರ್ವಹಣಾಧಿಕಾರಿ ಮಳೆಗಾಲದ ಸೌಪರ್ಣಿಕೆಯ ವೇಗದಲ್ಲಿ ಓದಿ ಮುಗಿಸುತ್ತಾರೆ. ‘ಚರ್ಚೆಗೆ ಬಿಟ್ಟಿದೆ’ ಎನ್ನುತ್ತಾರೆ ಅಧ್ಯಕ್ಷರು. ಫ್ಯಾನು ತಿರುಗುವ ಸದ್ದು. ಡೈರೆಕ್ಟರ್ರಿಗೆ ಸವಕಳಿ, ಕಾಯ್ದಿಟ್ಟ ನಿಧಿ, ಬಂಡವಾಳದ ಪ್ರಮಾಣ ಎಂಬವೆಲ್ಲ ಅರ್ಧಂಬರ್ಧ ತಿಳಿದಿವೆ. ಕೇಳೋಣವೆಂದು ಬಾಯಿ ತೆರೆಯುವ ಮೊದಲು ಎದುರಿನ ನಿವೃತ್ತ ಮಾಸ್ಟ್ರ ಮುಖ ನೋಡುತ್ತಾರೆ. ಲೆಕ್ಕ ಕಲಿಸಿದವರೇ ಸುಮ್ಮನಿದ್ದಾರೆಂದರೆ ಸರಿ ಇರಬೇಕು. ಮಾಸ್ಟ್ರು, ಕಟ್ಟಡ ಕಟ್ಟಿಸಿ ಗೊತ್ತಿರುವ ಕಂಟ್ರಾಕ್ಟರ್ ಡೈರೆಕ್ಟರನ್ನು ನೋಡುತ್ತಾರೆ. ಕಂಟ್ರಾಕ್ಟರ್ ಸೂರು ನೋಡುತ್ತಾರೆ, ಅವರಿಗೆ ಅವರದೇ ಕಾರಣಗಳಿವೆ. ಅಧ್ಯಕ್ಷರು ಎಲ್ಲರನ್ನೂ ಒಂದು ಸುತ್ತು ನೋಡಿ, ಇಷ್ಟು ತಿಳಿದವರೇ ಸುಮ್ಮನಿರಬೇಕಾದರೆ ಯೋಜನೆ ಭದ್ರವೇ ಎಂದು ತೀರ್ಮಾನಿಸುತ್ತಾರೆ. ನಮ್ಮವರು ಗಂಟಲು ಸರಿಮಾಡಿಕೊಂಡು ‘ಅಡ್ಡಿಲ್ಲೆ’ ಎನ್ನುತ್ತಾರೆ. ಸರ್ವಾನುಮತದ ಅಂಗೀಕಾರ.

ನಾಲ್ಕನೆಯ ವಿಷಯ, ಶಂಕುಸ್ಥಾಪನೆಯ ಊಟ. ಈಗ ನೋಡಬೇಕು ಡೈರೆಕ್ಟರ್ರನ್ನು! ಹೋಳಿಗೆಯೋ ಪಾಯಸವೋ, ಪಾಯಸವಾದರೆ ಕಡಲೆಬೇಳೆಯೋ ಹೆಸರೋ, ಬೆಳಗ್ಗಿನ ಚಾಕ್ಕೆ ಗೋಳಿಬಜೆಯೋ ಬನ್ಸೋ, ಕಳೆದ ಸಲ ಅಡುಗೆಯವರು ಸಾಂಬಾರು ನೀರು ಮಾಡಿದ್ದು ಯಾರಿಗೂ ನೆನಪಿಲ್ಲವೋ. ತೆಂಗಿನಕಾಯಿಯ ದರದ ಬಗ್ಗೆ ಇವರಿಗಿರುವ ಜ್ಞಾನ ಇಡೀ ಮಂಡಳಿಯನ್ನು ಬೆಚ್ಚಿಬೀಳಿಸುತ್ತದೆ. ಒಂದು ಗಂಟೆ ಕಳೆದ ಮೇಲೆ ಉಪಸಮಿತಿ ರಚನೆಯಾಗುತ್ತದೆ.

ಪಾರ್ಕಿನ್ಸನ್ ಎಂಬ ಇಂಗ್ಲಿಷ್ ಇತಿಹಾಸಕಾರ 1957ರ ತನ್ನ ಪುಸ್ತಕದಲ್ಲಿ ಇಂಥದೇ ಒಂದು ಸಭೆಯನ್ನು ಕಲ್ಪಿಸಿದ್ದ. ಅಲ್ಲಿ ಒಂದು ಕೋಟಿ ಪೌಂಡಿನ ಅಣು ರಿಯಾಕ್ಟರ್ ಎರಡೂವರೆ ನಿಮಿಷದಲ್ಲಿ ಪಾಸಾಗುತ್ತದೆ, ಗುಮಾಸ್ತರ ಸೈಕಲ್ ಶೆಡ್ಡಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಸೈಕಲ್ ಶೆಡ್ಡು ಎಲ್ಲರಿಗೂ ಗೊತ್ತು, ರಿಯಾಕ್ಟರ್ ಯಾರಿಗೂ ಗೊತ್ತಿಲ್ಲ. ಪಾರ್ಕಿನ್ಸನ್ ಆಗ ಇದ್ದದ್ದು ಸಿಂಗಾಪುರದಲ್ಲಿ. ಕುಂದಾಪುರಕ್ಕೆ ಬಂದಿದ್ದರೆ ಕಲ್ಪಿಸುವ ಕಷ್ಟ ಇರಲಿಲ್ಲ.

ಹಾಗಾದರೆ 3 ಕೋಟಿಯ ಚರ್ಚೆ ನಡೆಯುವುದೇ ಇಲ್ಲವೇ ಎಂದರೆ, ನಡೆಯುತ್ತದೆ. ಸಭೆ ಮುಗಿದು, ಭತ್ಯೆಯ ಪುಸ್ತಕಕ್ಕೆ ಸಹಿ ಬಿದ್ದು, ಎಲ್ಲರೂ ಮೆಟ್ಟಿಲ ಬಳಿ ಚಪ್ಪಲಿ ಹುಡುಕುವಾಗ.

‘ಹ್ವಾಯ್, ಮೂರ್ ಕೋಟಿ ಜಾಸ್ತಿ ಆಯ್ತ್ ಅಲ್ದಾ?’

‘ಹೌದಪ್ಪಾ, ನಂಗೂ ಹಾಂಗೇ ಕಂಡಿತ್.’

‘ಮತ್ತ್ ನೀವ್ ಎಂತಕ್ ಹೇಳಲಿಲ್ಲೆ?’

‘ನೀವ್ ಹೇಳ್ತ್ರಿ ಅಂದ್ಕಂಡಿದ್ದೆ ಮಾರಾಯ್ರೆ.’

ಚಪ್ಪಲಿಯ ಬಳಿ ಮತ ಎಣಿಸಿದ್ದರೆ ಕಟ್ಟಡ ಅಲ್ಲಿಯೇ ಬಿದ್ದುಹೋಗುತ್ತಿತ್ತು. ಆದರೆ ನಡಾವಳಿ ಪುಸ್ತಕ ಒಳಗಿನ ಕಪಾಟಿನಲ್ಲಿದೆ, ಕಪಾಟಿಗೆ ಬೀಗ ಹಾಕಿ ಆಗಿದೆ.

ಹೀಗೆ ಗುಂಪಿಗೆ ಶರಣಾಗುವುದರ ಬಗ್ಗೆ ಮನಶ್ಶಾಸ್ತ್ರದವರು ಪ್ರಯೋಗ ಮಾಡಿದ್ದಾರೆ. 1951ರ ಹೊತ್ತಿಗೆ ಅಮೆರಿಕದಲ್ಲಿ ಸೊಲೊಮನ್ ಆಶ್ ಎಂಬಾತ, ಒಂದು ಗೆರೆ ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಯಾವುದು ಅದರಷ್ಟೇ ಉದ್ದ ಎಂಬ ಸುಲಭದ ಪ್ರಶ್ನೆ ಕೇಳಿ, ಮೊದಲೇ ಹೇಳಿಕೊಟ್ಟವರಿಂದ ತಪ್ಪು ಉತ್ತರ ಹೇಳಿಸಿದ. ಪರೀಕ್ಷೆಗೆ ಕೂತ ನಾಲ್ವರಲ್ಲಿ ಸುಮಾರು ಮೂವರು ಒಮ್ಮೆಯಾದರೂ ತಮ್ಮ ಕಣ್ಣನ್ನೇ ಬಿಟ್ಟು ಗುಂಪಿನ ಜೊತೆ ಹೋದರು. ಅವರೆಲ್ಲ ವಿದ್ಯಾರ್ಥಿಗಳು. ನಮ್ಮ ಡೈರೆಕ್ಟರ್ರ ಕಷ್ಟ ಅದಕ್ಕಿಂತ ದೊಡ್ಡದು. ಅಧ್ಯಕ್ಷರನ್ನು ನಾಳೆ ಕಂಬಳದಲ್ಲಿ ಕಾಣಬೇಕು, ನಾಡಿದ್ದು ಕೋಲದಲ್ಲಿ ಕಾಣಬೇಕು, ಮಂದಾರ್ತಿ ಮೇಳದ ಹರಕೆ ಆಟಕ್ಕೆ ಅವರ ಮನೆಯಲ್ಲೇ ಊಟ. ಚುನಾವಣೆಯಲ್ಲಿ ತನ್ನ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದು ಅವರ ಅಳಿಯ. ಇಷ್ಟು ದಾಕ್ಷಿಣ್ಯದ ನಡುವೆ ‘ಸವಕಳಿ ಎಷ್ಟು?’ ಎಂದು ಕೇಳಲು ಎದೆ ಬೇಕು.

ಇದು ಹಳ್ಳಿಯ ರೋಗ, ದೊಡ್ಡ ಕಂಪನಿಗಳಲ್ಲಿ ಇಲ್ಲ ಎಂದು ಬೆಂಗಳೂರಿನ ಮಗ ಫೋನಿನಲ್ಲಿ ಹೇಳುತ್ತಾನೆ. 2008ರ ಡಿಸೆಂಬರ್ 16ರಂದು ಹೈದರಾಬಾದಿನ ಸತ್ಯಂ ಕಂಪನಿಯ ಮಂಡಳಿ, ಅಧ್ಯಕ್ಷರ ಮಕ್ಕಳ ಎರಡು ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಆ ಮಂಡಳಿಯಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕರೂ ಇದ್ದರು. ಷೇರುದಾರರು ಗಲಾಟೆ ಮಾಡಿದ್ದರಿಂದ ಕೆಲವೇ ಗಂಟೆಗಳಲ್ಲಿ ಹಿಂದೆ ಸರಿಯಬೇಕಾಯಿತು. ಜನವರಿ 7ಕ್ಕೆ ಅಧ್ಯಕ್ಷರೇ ಲೆಕ್ಕವೆಲ್ಲ ಸುಳ್ಳೆಂದು ಪತ್ರ ಬರೆದರು. ಹಾರ್ವರ್ಡಿನವರಿಗೆ ಕಂಬಳ, ಕೋಲ ಯಾವುದೂ ಇರಲಿಲ್ಲ. ಆದರೂ ಅಡ್ಡಿಲ್ಲೆ.

ಡೈರೆಕ್ಟರ್ರ ಇನ್ನೊಂದು ಗುಣ, ಆಗಿಹೋದದ್ದನ್ನು ಮೊದಲೇ ಬಲ್ಲವರಾಗಿರುವುದು. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆಯ ಸುದ್ದಿ ಎತ್ತಿ ನೋಡಿ. ವಾರಾಹಿಯ ನೀರು ಬರುತ್ತದೆ, ಗದ್ದೆಯೆಲ್ಲ ಕಬ್ಬಾಗುತ್ತದೆ ಎಂಬ ಭರವಸೆಯ ಮೇಲೆ ಎದ್ದ ಕಾರ್ಖಾನೆ ಅದು. 1979ರಲ್ಲಿ ಮಂಜೂರಾದ ವಾರಾಹಿ ನೀರಾವರಿ ದಶಕಗಟ್ಟಲೆ ಕುಂಟಿತು, ಕಬ್ಬು ಸಾಲಲಿಲ್ಲ, ಕಾರ್ಖಾನೆ ಮುಚ್ಚಿತು. ಈಗ ಯಾರನ್ನು ಕೇಳಿದರೂ ‘ನಾ ಆಗ್ಳೇ ಹೇಳಿದ್ದೆ’ ಎನ್ನುತ್ತಾರೆ. ಎಲ್ಲಿ ಹೇಳಿದ್ದು ಎಂದು ವಿಚಾರಿಸಿದರೆ ಚಾ ಹೋಟೆಲಿನಲ್ಲಿ.

ಒಮ್ಮೆ ಮಾತ್ರ, ಇಂಥದೇ ಇನ್ನೊಂದು ಕಟ್ಟಡದ ವಿಷಯ ಬಂದಾಗ, ಇವರ ಬಾಯಿ ಸಭೆಯೊಳಗೇ ತೆರೆಯಿತು. ಮಂಡಳಿಯಲ್ಲಿ ಹೆಂಗಸರಿಗೆ ಎರಡು ಸ್ಥಾನ ಮೀಸಲು. ಅದರಲ್ಲೊಬ್ಬರು ಸ್ವಸಹಾಯ ಗುಂಪಿನ ಲೆಕ್ಕ ಬರೆದು ಪಳಗಿದವರು. ‘ಈಗಿನ ಕಟ್ಟಡಕ್ಕೆ ಬಾಡಿಗೆ ಎಷ್ಟು ಕೊಡ್ತಾ ಇದ್ದೇವೆ?’ ಎಂದು ಕೇಳಿಬಿಟ್ಟರು. ಅಷ್ಟೇ. ಮಾಸ್ಟ್ರು ಕನ್ನಡಕ ಹಾಕಿಕೊಂಡರು, ಡೈರೆಕ್ಟರ್ರು ‘ನಾನೂ ಅದನ್ನೇ ಕೇಳುವ ಅಂತಿದ್ದೆ’ ಎಂದರು, ಪಂಪಿನ ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳೆಲ್ಲ ಒಂದೊಂದಾಗಿ ಹೊರಬಿದ್ದವು. ಆಶ್‌ನ ಪ್ರಯೋಗದಲ್ಲೂ ಹೀಗೇ ಆಗಿತ್ತು: ಗುಂಪಿನಲ್ಲಿ ಒಬ್ಬ ಸರಿಯಾದ ಉತ್ತರ ಹೇಳಿದರೆ ಸಾಕು, ಪರೀಕ್ಷೆಗೆ ಕೂತವರ ಕಣ್ಣು ಬಹುಮಟ್ಟಿಗೆ ವಾಪಸು ಬರುತ್ತಿತ್ತು. ವಿಷಯ ಮುಂದಿನ ತಿಂಗಳಿಗೆ ಹೋಯಿತು. ಮುಂದಿನ ತಿಂಗಳ ಕಾರ್ಯಸೂಚಿಯಲ್ಲಿ ಕಟ್ಟಡ ಇರಲೇ ಇಲ್ಲ. ‘ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು’ ಎಂಬ ಕೊನೆಯ ಸಾಲಿನಡಿ ಅದು ಬಂದಾಗ ಸಂಜೆಯ ಕೊನೆಯ ಬಸ್ಸು ಹಿಡಿಯಲು ಆ ಹೆಂಗಸು ಎದ್ದುಹೋಗಿದ್ದರು. ಅಧ್ಯಕ್ಷರಿಗೆ ಮನಶ್ಶಾಸ್ತ್ರ ಬರುವುದಿಲ್ಲ ಎಂದವರು ಯಾರು?

ಡೈರೆಕ್ಟರ್ರು ಸಹಕಾರಿ ಕಾಯ್ದೆ ಓದುವುದು ಒಂದೇ ಸಂದರ್ಭದಲ್ಲಿ. 64ನೇ ಕಲಮಿನ ವಿಚಾರಣೆ ನಡೆದು, 69ನೇ ಕಲಮಿನ ಸರ್ಚಾರ್ಜ್ ನೋಟಿಸು ಮನೆಗೆ ಬಂದಾಗ. ಆಗ ತಿಳಿಯುತ್ತದೆ, ನಷ್ಟವನ್ನು ಕೈಯಿಂದ ಕಟ್ಟಿಸುವ ಅಧಿಕಾರ ಇಲಾಖೆಗೆ ಇದೆ ಎಂದು. ವಕೀಲರ ಎದುರು ಕೂತು ಚಪ್ಪಲಿಯ ಬಳಿ ಆಡಿದ ಮಾತನ್ನು ಇಡಿಯಾಗಿ ಒಪ್ಪಿಸುತ್ತಾರೆ. ವಕೀಲರು ನಡಾವಳಿಯ ನಕಲು ತಿರುವಿ ಕೇಳುತ್ತಾರೆ, ‘ಇದರಲ್ಲಿ ಎಲ್ಲಿ ಉಂಟು?’

ಸೆಪ್ಟೆಂಬರ್ ಬಂತೆಂದರೆ ಮಹಾಸಭೆಗಳ ಕಾಲ. ಸದಸ್ಯರೇ, ನೀವೂ ಹೋಗುತ್ತೀರಿ. ಊಟದ ಕೂಪನ್ನು ಎಲ್ಲಿಗೂ ಓಡಿಹೋಗುವುದಿಲ್ಲ. ವರದಿ ಪುಸ್ತಕದಲ್ಲಿ ಲಾಭ-ನಷ್ಟದ ಪುಟ ತೆರೆದು, ಎದ್ದು ನಿಂತು, ಒಂದು ಪ್ರಶ್ನೆ ಕೇಳಿ. ವೇದಿಕೆಯ ಮೇಲೆ ಬಲದಿಂದ ಮೂರನೆಯವರು ‘ನಾನೂ ಅದನ್ನೇ ಕೇಳುವ ಅಂತಿದ್ದೆ’ ಎಂಬಂತೆ ತಲೆಯಾಡಿಸಿದರೆ ನಗಬೇಡಿ. ಅವರು ಹೇಳುತ್ತಿರುವುದು ನಿಜ.